ಜಪಾನಿ ಭಾಷೆಯಲ್ಲಿ ಮನೆ ಖಾಲಿ ಮಾಡಿದ್ದು

ಬಾಡಿಗೆಗೆ ಮನೆ ಹಿಡಿಯುವುದು ಹೇಗೆ ಎಂದು ಹೇಳಿಕೊಡುವವರು ಊರ ತುಂಬ ಇದ್ದಾರೆ. ನೀರು ಬರುತ್ತದೆಯೇ ನೋಡಿ, ಗಾಳಿ ಆಡುತ್ತದೆಯೇ ನೋಡಿ, ಅಕ್ಕಪಕ್ಕದವರು ಜಗಳಗಂಟರೇ ವಿಚಾರಿಸಿ ಎಂದು ಬೀದಿಯಲ್ಲಿ ನಿಲ್ಲಿಸಿಕೊಂಡು ಉಪದೇಶ ಮಾಡುತ್ತಾರೆ. ಹಿಡಿದ ಮನೆಯನ್ನು ಬಿಡುವುದು ಹೇಗೆ ಎಂದು ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ದಾಕ್ಷಿಣ್ಯರಾಯರಿಗೆ ಲೋಕದ ಮೇಲಿದ್ದ ದೊಡ್ಡ ದೂರು ಇದೇ.

ದಾಕ್ಷಿಣ್ಯರಾಯರು ಎಂಬುದು ಅವರ ತಂದೆತಾಯಿ ಇಟ್ಟ ಹೆಸರಲ್ಲ, ಹೆಂಡತಿ ಇಟ್ಟದ್ದು. ಆಕೆ ಇಡುವುದಕ್ಕೆ ಕಾರಣವೂ ಇತ್ತು. ರಾಯರು ಹಾಸಿಗೆ ಮಾರುವ ದೊಡ್ಡ ಅಂಗಡಿಯಲ್ಲಿ ಮಾರಾಟಗಾರರು. ಬಂದ ಗಿರಾಕಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಬೆನ್ನಿಗೆ ಹಿತವಾಗಿದೆಯೇ ಎಂದು ಕೇಳಿ, ಎಬ್ಬಿಸಿ, ಬಿಲ್ಲು ಬರೆಸುವುದು ಅವರ ಕೆಲಸ. ಮಲಗಿಸುವ ತನಕ ಅವರನ್ನು ಮೀರಿಸುವವರಿಲ್ಲ. ಎಬ್ಬಿಸುವ ವಿಷಯ ಬಂದಾಗ ನಾಲಿಗೆ ಏಳುವುದಿಲ್ಲ. ಒಮ್ಮೆ ಒಬ್ಬ ದಢೂತಿ ಗಿರಾಕಿ ಹಾಸಿಗೆ ಪರೀಕ್ಷಿಸುತ್ತ ಹಾಗೆಯೇ ಗೊರಕೆ ಹೊಡೆದುಬಿಟ್ಟ. ಪಾಪ ಎಷ್ಟು ದಣಿದಿದ್ದಾರೋ ಎಂದು ರಾಯರು ಅಂಗಡಿಯ ಬಾಗಿಲು ಹಾಕುವ ಹೊತ್ತಾದರೂ ಸ್ಟೂಲಿನ ಮೇಲೆ ಕಾದು ಕೂತರು. ಆತ ಎದ್ದು, ಮೈಮುರಿದು, ಹಾಸಿಗೆ ಸ್ವಲ್ಪ ಗಟ್ಟಿ ಎಂದು ಹೇಳಿ ಹೊರಟುಹೋದ. ರಾಯರು ಅವನಿಗೆ ಬಾಗಿಲು ತೆರೆದು ಹಿಡಿದರಂತೆ.

ಅವರ ಹೆಂಡತಿ ಇದಕ್ಕೆ ತೀರ ವಿರುದ್ಧ. ಆಕೆಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಬೆಳಗಿನಿಂದ ಮಧ್ಯಾಹ್ನದ ತನಕ ಜನರನ್ನು ಚುಚ್ಚಿ ಚುಚ್ಚಿ ಆಕೆಗೆ ಒಂದು ಜೀವನದರ್ಶನವೇ ಸಿದ್ಧಿಸಿತ್ತು. ಯಾವುದೇ ಕಹಿ ಸುದ್ದಿಯಿರಲಿ, ತೋಳು ಹಿಡಿ, ಚುಚ್ಚು, ಹತ್ತಿ ಒತ್ತು, ಮುಂದಿನವರನ್ನು ಕರೆ. ಇಷ್ಟೇ. ಆ ಲ್ಯಾಬು ಊರಿನ ಇನ್ನೊಂದು ತುದಿಗೆ ಸ್ಥಳಾಂತರವಾಯಿತು. ಆಕೆ ಬೆಳಗಾಗೆದ್ದು ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಹೋಗಬೇಕಾಯಿತು. ಕೆಲವು ವಾರ ಸಹಿಸಿಕೊಂಡಳು. ಆಮೇಲೆ ಒಂದು ಸಂಜೆ ಚಪ್ಪಲಿ ಬಿಡುತ್ತ, ಲ್ಯಾಬಿನ ಹಿಂದಿನ ಬೀದಿಯಲ್ಲೇ ಮನೆ ನೋಡಿಕೊಂಡು ಮುಂಗಡ ಕೊಟ್ಟು ಬಂದೆ ಎಂದಳು. ರಾಯರಿಗೂ ತೋಳು ಹಿಡಿದದ್ದು ತಿಳಿಯುವ ಮೊದಲೇ ಚುಚ್ಚಿ ಆಗಿತ್ತು.

ಹೊಸ ಮನೆಯ ಬಗ್ಗೆ ರಾಯರ ತಕರಾರು ಏನೂ ಇರಲಿಲ್ಲ. ಅವರ ಎದೆ ಧಸಕ್ಕೆಂದದ್ದು ಹಳೆಯ ಮನೆಯ ಒಡತಿಯನ್ನು ನೆನೆದು.

ಒಡತಿ ಜಪಾನೀ ಹೆಂಗಸು. ಕೆಳಗಡೆ ಆಕೆಯ ಲಾಂಡ್ರಿ, ಲಾಂಡ್ರಿಯ ಹಿಂದೆ ಆಕೆಯ ಮನೆ, ಮೇಲ್ಗಡೆಯ ಎರಡು ಕೋಣೆಗಳಲ್ಲಿ ರಾಯರ ಸಂಸಾರ. ಬಿಳಿಗೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡು, ತೋಳು ಮಡಚಿ, ಇಡೀ ದಿನ ಹಬೆಯಲ್ಲಿ ನಿಂತು ಇಸ್ತ್ರಿ ಮಾಡುವ ಗಟ್ಟಿ ಹೆಂಗಸು. ಒಗೆದ ಅಂಗಿಯನ್ನು ಗಿರಾಕಿಗೆ ಕೊಡುವಾಗ ಹಸುಗೂಸನ್ನು ತಾಯಿಯ ಕೈಗಿಡುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ತಲೆಬಾಗಿ ಕೊಡುತ್ತಿದ್ದಳು. ರಾಯರ ಒಂದು ಹಳೇ ಅಂಗಿಯ ಗುಂಡಿ ಎಲ್ಲೋ ಬಿದ್ದುಹೋಗಿತ್ತು. ಅಂಥ ಗುಂಡಿ ಪೇಟೆಯಲ್ಲಿ ಸಿಗಲಿಲ್ಲವೆಂದು ಆಕೆ ಆ ಅಂಗಿಯ ಅಷ್ಟೂ ಗುಂಡಿಗಳನ್ನು ಬಿಚ್ಚಿ, ಒಂದೇ ಥರದ ಹೊಸ ಗುಂಡಿ ಹೊಲಿದು, ಹಳೆಯವನ್ನು ಪುಟ್ಟ ಕಾಗದದ ಪೊಟ್ಟಣದಲ್ಲಿ ಕಟ್ಟಿ ಅಂಗಿಯ ಜೇಬಿನಲ್ಲಿಟ್ಟು ಕೊಟ್ಟಿದ್ದಳು. ರಾಯರು ಆ ಅಂಗಿಯನ್ನು ಇವತ್ತಿಗೂ ಹಾಕಿಕೊಳ್ಳುವುದಿಲ್ಲ. ಅಂಥಾದ್ದನ್ನು ಹಾಕಿಕೊಂಡು ಮೈಲಿಗೆ ಮಾಡುವುದೆಂತು?

ಇದಕ್ಕೂ ಹೆಚ್ಚಿನ ಋಣ ಇನ್ನೊಂದಿತ್ತು. ಗಂಡಹೆಂಡತಿ ಇಬ್ಬರೂ ಆ ಊರಿಗೆ ಹೊಸದಾಗಿ ಬಂದಾಗ ಯಾರೂ ಅವರಿಗೆ ಮನೆ ಕೊಡಲಿಲ್ಲ. ಯಾವ ಊರಿನವರು, ಯಾರ ಪೈಕಿ, ಏನು ತಿನ್ನುತ್ತೀರಿ, ಎಷ್ಟು ನೆಂಟರು ಬರುತ್ತಾರೆ ಎಂದು ಎಲ್ಲರೂ ಬಾಗಿಲಲ್ಲೇ ನಿಲ್ಲಿಸಿ ಸಂದರ್ಶನ ಮಾಡಿ ಕಳಿಸಿದರು. ಇಷ್ಟೆಲ್ಲ ಪ್ರಶ್ನೆ ಕೇಳುವುದಕ್ಕೆ ಈ ಒಡತಿಗೆ ಭಾಷೆಯೇ ಇರಲಿಲ್ಲ. ಇವರ ಪೆಟ್ಟಿಗೆಗಳನ್ನು ನೋಡಿದಳು, ಇವರ ಸೊರಗಿದ ಮುಖ ನೋಡಿದಳು, ಕೀಲಿಕೈಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಅಂಥವಳ ಮುಂದೆ ಹೋಗಿ ನಿಮ್ಮ ಮನೆ ಬಿಡುತ್ತೇವೆ ಎಂದು ಹೇಗೆ ಹೇಳುವುದು? ಹೇಳಲೇಬೇಕಾದರೆ ಆ ತಾಯಿಯ ಮನಸ್ಸಿಗೆ ಒಂದಿಷ್ಟೂ ನೋವಾಗದ ಹಾಗೆ ಹೇಳಬೇಕು. ರಾಯರಿಗೆ ಬೇಕಾದದ್ದು ಅಷ್ಟೇ. ಜನ್ಮದಲ್ಲಿ ಒಂದು ವಿದಾಯವನ್ನಾದರೂ ಸರಿಯಾಗಿ ಹೇಳಬೇಕು.

ಹೆಂಡತಿಯ ಪಾಲಿಗೆ ಇದೊಂದು ಸಮಸ್ಯೆಯೇ ಅಲ್ಲ. ಆಕೆಗೂ ಒಡತಿಗೂ ಮಾತು ಹರಿಯುತ್ತಿದ್ದ ಬಗೆಯನ್ನು ಇಲ್ಲಿ ಹೇಳಿಬಿಡಬೇಕು. ಇವಳು ಕನ್ನಡದಲ್ಲಿ ಹೇಳುತ್ತಿದ್ದಳು, ಅವಳು ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಸಾಬೂನಿನ ಬೆಲೆ, ಮಂಡಿನೋವು, ಗಂಡಸರ ಅವಿವೇಕ (ಇದರ ಮೇಲೆ ಚರ್ಚೆ ದೀರ್ಘವಾಗಿರುತ್ತಿತ್ತು) ಎಲ್ಲವನ್ನೂ ಮಾತಾಡಿ ಮುಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಏಳುತ್ತಿದ್ದರು. ಒಬ್ಬರ ಭಾಷೆಯ ಒಂದಕ್ಷರ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಹಾಗೆಂದು ಅವರಿಬ್ಬರಿಗೂ ಯಾರೂ ತಿಳಿಸಿರಲಿಲ್ಲ.

ರಾಯರು ತಮ್ಮ ಸಂಕಟ ತೋಡಿಕೊಂಡಾಗ ಹೆಂಡತಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು.

"ನಾನು ಮೊನ್ನೇನೇ ಹೇಳಿ ಆಯ್ತು ಕಣ್ರೀ."

"ಯಾವ ಭಾಷೇಲಿ?"

"ನನಗೆ ಬರೋ ಭಾಷೇಲಿ. ಹೊಸ ಮನೆ ನೋಡಿದೀವಿ, ತಿಂಗಳ ಕೊನೇಲಿ ಹೊರಡ್ತೀವಿ, ನಿಮ್ಮನ್ನ ಬಿಟ್ಟು ಹೋಗಕ್ಕೆ ಸಂಕಟ ಆಗತ್ತೆ ಅಂದೆ. ಅವರೂ ಕಣ್ಣು ಒರೆಸಿಕೊಂಡ್ರು. ಆಮೇಲೆ ಇಬ್ಬರೂ ಕೂತು ಬಟಾಣಿ ಸುಲಿದ್ವಿ."

ರಾಯರು ಹಣೆ ಚಚ್ಚಿಕೊಂಡರು. ಕನ್ನಡದಲ್ಲಿ ಹೇಳಿದರೆ ಹೇಳಿದ ಹಾಗಾಯಿತೇ? ಬಟಾಣಿ ಸುಲಿಯುತ್ತ ಹೇಳುವ ವಿಷಯವೇ ಇದು? ಆಕೆ ಕಣ್ಣೊರೆಸಿಕೊಂಡದ್ದು ಈರುಳ್ಳಿ ಹೆಚ್ಚುತ್ತಿದ್ದುದರಿಂದ ಇದ್ದೀತು. ಅರ್ಥವಾಗಿದೆ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು. ಮಾರನೆಯ ದಿನವೇ ಸಂಗೀತದ ಮೇಡಂ ಒಬ್ಬರು ಬಂದು ಕೋಣೆಯ ಅಳತೆ ತೆಗೆದುಕೊಂಡು ಹೋದರಲ್ಲ, ಅದೇ ಆಧಾರ ಎಂದಳು ಹೆಂಡತಿ. ಆ ಮೇಡಂ ಪರದೆ ಒಗೆಸುವುದಕ್ಕೆ ಬಂದವರೆಂದು ರಾಯರು ತಿಳಿದಿದ್ದರು. ಈಗಲೂ ಹಾಗೆಯೇ ತಿಳಿಯಲು ತೀರ್ಮಾನಿಸಿದರು. ಒಡತಿಗೆ ಆಕೆಯದೇ ಭಾಷೆಯಲ್ಲಿ, ಬಾಗಿ, ಶಾಸ್ತ್ರೋಕ್ತವಾಗಿ ತಾವೇ ವಿಷಯ ನಿವೇದಿಸುವುದೆಂದು ಅವರು ಪ್ರತಿಜ್ಞೆ ಮಾಡಿಬಿಟ್ಟರು. ಜಪಾನಿಯೇ, ಅದೂ ನೀವೇ ಎಂದು ಕೇಳುವ ಹಾಗೆ ಹೆಂಡತಿ ಒಂದು ಬಾರಿ ಅವರನ್ನು ನೋಡಿ, ಮತ್ತೆ ತರಕಾರಿಯ ಕಡೆ ತಿರುಗಿದಳು.

ಗುರುವಿಗಾಗಿ ದೂರ ಹೋಗಬೇಕಾಗಲಿಲ್ಲ. ಅಂಗಡಿಯ ಪಕ್ಕದ ಓಣಿಯಲ್ಲಿ ಒಬ್ಬ ನಿವೃತ್ತ ಟೂರಿಸ್ಟ್ ಗೈಡ್ ಇದ್ದರು. ನಮ್ಮ ಭಾಷೆಯವರೇ. ಪ್ರಾಯವೆಲ್ಲ ಜಪಾನಿ ಪ್ರವಾಸಿಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಊರು ತೋರಿಸಿದವರು. ಅವರ ಜಪಾನಿಯ ಬಗ್ಗೆ ಅನುಮಾನ ಪಡುವಂತಿರಲಿಲ್ಲ, ನೀರು ಕುಡಿದಷ್ಟು ಸಲೀಸು. ಒಂದೇ ಅಡಚಣೆ ಏನೆಂದರೆ ಅಭ್ಯಾಸಬಲದಿಂದ ಅವರ ಪ್ರತಿಯೊಂದು ವಾಕ್ಯವೂ 'ದಯವಿಟ್ಟು ತಮ್ಮ ಬಲಗಡೆ ನೋಡಿ' ಎಂದೇ ಆರಂಭವಾಗುತ್ತಿತ್ತು. ಪಾಠದ ಮೊದಲ ವಾರ ರಾಯರಿಗೆ ಬಲಗಡೆ ನೋಡಿ ನೋಡಿ ಕತ್ತು ಹಿಡಿದುಕೊಂಡಿತು.

ಆದರೆ ಮುಂದಿನ ಪಾಠಗಳು ಬಂದವು ನೋಡಿ, ರಾಯರು ಬೆರಗಾಗಿ ಹೋದರು. ಮನೆ ಬದಲಿಸುವುದಕ್ಕೆ ಆ ಭಾಷೆಯಲ್ಲಿ 'ಹಿಕ್ಕೊಸು' ಎನ್ನುತ್ತಾರೆ ಎಂದರು ಗೈಡು. ಸರಿ, 'ನಾವು ಹಿಕ್ಕೊಸು ಮಾಡುತ್ತೇವೆ' ಎಂದು ಹೇಳಿದರಾಯಿತೇ ಎಂದು ಕೇಳಿದರು ರಾಯರು. ಗೈಡು ನಾಲಿಗೆ ಕಚ್ಚಿಕೊಂಡರು. ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಜನವೇ ಅವರು? 'ಹಿಕ್ಕೊಸು ಕೊತೊ ನಿ ನಾರಿಮಾಶ್ತ' ಎನ್ನಬೇಕು. ಅಂದರೆ, ಮನೆ ಬದಲಾಯಿಸುವ ಹಾಗೆ ಆಗಿದೆ. ನಾವು ಬಿಡಲಿಲ್ಲ, ನೀವು ಬಿಡಿಸಲಿಲ್ಲ, ಯಾರದೂ ತಪ್ಪಿಲ್ಲ, ಮೋಡ ಕವಿದ ಹಾಗೆ ಅದಾಗಿ ಅದು ಆಗಿಬಿಟ್ಟಿದೆ. ರಾಯರು ಕಣ್ಣು ಮುಚ್ಚಿಕೊಂಡು ಆ ವಾಕ್ಯವನ್ನು ಸವಿದರು. ತಮ್ಮಂಥವರಿಗೆಂದೇ ಯಾರೋ ಪುಣ್ಯಾತ್ಮರು ಕೂತು ಕಟ್ಟಿದ ಭಾಷೆ ಇದು. ಇಷ್ಟು ವರ್ಷ ಇದಿಲ್ಲದೆ ಹೇಗೆ ಬದುಕಿದೆನಪ್ಪಾ ಎನಿಸಿತು.

ಎರಡನೆಯ ವಾಕ್ಯ 'ಇತ್ಸುಮೊ ಒಸೆವಾ ನಿ ನಾತ್ತೆ ಇಮಾಸ್'. ಸದಾ ನಿಮ್ಮ ಆರೈಕೆಯಲ್ಲಿದ್ದೇವೆ ಎಂದು ಅದರ ಭಾವ. ಜಪಾನಿನ ಟ್ರಾವೆಲ್ಸ್ ಆಫೀಸಿನವರಿಗೆ ಫೋನು ಮಾಡಿದಾಗಲೆಲ್ಲ ಗೈಡು ಇದನ್ನು ಹೇಳಿಯೇ ಮಾತು ಶುರು ಮಾಡುತ್ತಿದ್ದರಂತೆ. ಮೂರನೆಯದು ಕಿವಿಗೆ ಬಿದ್ದಾಗ ಮಾತ್ರ ರಾಯರು ಕುರ್ಚಿಯಿಂದ ಎದ್ದು ನಿಂತರು.

"ಹೊರಡೋವಾಗ ಅವರು 'ಇತ್ತೆಕಿಮಾಸ್' ಅಂತಾರೆ," ಎಂದರು ಗೈಡು. "ಪದಪದಕ್ಕೂ ಅರ್ಥ ಮಾಡಿದರೆ, ಹೋಗಿ ಬರ್ತೀನಿ."

"ಹೋಗ್ತೀನಿ ಅನ್ನಲ್ವಾ?"

"ಊಹೂಂ. ಹೋಗಿ ಬರ್ತೀನಿ. ನಮ್ಮ ಹಾಗೇ."

ರಾಯರಿಗೆ ಮೈ ಜುಮ್ಮೆಂದಿತು. ಎಲ್ಲಿಯ ಜಪಾನು, ಎಲ್ಲಿಯ ನಾವು! ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎಂದು ಬಾಯಿತಪ್ಪಿ ಅಂದರೆ ಅವರ ಅಜ್ಜಿ ತಲೆಗೆ ಮೊಟಕಿ, 'ಹೋಗಿ ಬರ್ತೀನಿ ಅನ್ನು' ಎಂದು ಮತ್ತೆ ಹೇಳಿಸುತ್ತಿದ್ದರು. ಪಕ್ಕದ ಬೀದಿಗೆ ಹೋದರೂ ಅದೇ ಮಾತು, ಪರದೇಶಕ್ಕೆ ಹೋದರೂ ಅದೇ ಮಾತು. ಹೋಗುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಇಂಥ ನಾಜೂಕು ಇನ್ನೊಂದು ಜನಕ್ಕೂ ಇದೆ ಎಂದು ತಿಳಿದಾಗ ಅವರಿಗೆ ಒಡತಿಯ ಮೇಲೆ ಬಂಧುಪ್ರೇಮವೇ ಉಕ್ಕಿತು.

ಆಮೇಲೆ ಸಾಧನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಉದ್ದನೆಯ ದಿಂಬನ್ನು ಗೋಡೆಗೆ ಒರಗಿಸಿ ಒಡತಿಯೆಂದು ಭಾವಿಸಿ ಅದರ ಮುಂದೆ ಬಾಗುತ್ತಿದ್ದರು. ಮನೆಯಲ್ಲಿ ಬಟ್ಟೆಯ ಬೀರುವಿನ ಮುಂದೆ. ಮಲಗಿದರೆ ಕನವರಿಕೆಯಲ್ಲಿ ಕೂಡ ನಾರಿಮಾಶ್ತ ಬರತೊಡಗಿತು. ಯಾವಳ್ರೀ ಆ ನಾರಿ ಎಂದು ಹೆಂಡತಿ ಮಗ್ಗುಲು ತಿರುಗಿ ಕೇಳುತ್ತಿದ್ದಳು. ಅವಳಿಗೆ ಇದೆಲ್ಲ ತಮಾಷೆ. ರಾಯರಿಗೆ ಮಾತ್ರ ಊಟ ಸೇರುತ್ತಿರಲಿಲ್ಲ.

ಕೊನೆಗೂ ಆ ದಿನ ಬಂತು. ರಾಯರು ತಲೆಗೆ ನೀರು ಹಾಕಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು (ಒಡತಿ ಮಾಡಿದ ಇಸ್ತ್ರಿಯೇ), ಮೆಟ್ಟಿಲಿಳಿದು ಲಾಂಡ್ರಿಯ ಬಾಗಿಲಲ್ಲಿ ನಿಂತರು. ಒಡತಿ ಹಬೆಯ ಮೋಡದ ನಡುವೆ ಒಂದು ಅಂಗಿಯ ಕಾಲರಿನ ಮೇಲೆ ಬಗ್ಗಿದ್ದಳು. ತಲೆಯೆತ್ತಿ ನೋಡಿ ನಕ್ಕಳು. ಆ ನಗು ಕಂಡದ್ದೇ ಹಿಕ್ಕೊಸು ಎಂಬ ಮಾತು ಗಂಟಲ ತನಕ ಬಂದು ಅಲ್ಲೇ ಕೂತಿತು. ಎಷ್ಟೇ ನಯ ಮಾಡಿದರೂ ಅದು ಮನೆ ಬಿಡುವ ಮಾತೇ ತಾನೇ? ಕೀಲಿಕೈ ಎತ್ತಿ ಕೊಟ್ಟ ಆ ಕೈಗಳ ಎದುರು ಆ ಮಾತು ಆಡುವುದೇ? ಅದನ್ನು ಹೇಳುವ ಅಗತ್ಯವಾದರೂ ಏನು? ಆಕೆಯೂ ನಮ್ಮ ಹಾಗೆಯೇ ನಾಜೂಕಿನವಳು, ಹೋಗಿ ಬರುತ್ತೇವೆ ಎಂದರೆ ಉಳಿದದ್ದು ತಿಳಿದುಕೊಳ್ಳುತ್ತಾಳೆ. ರಾಯರು ನಿಂತ ನಿಲುವಿನಲ್ಲೇ ಮೊದಲ ವಾಕ್ಯವನ್ನು ಭಾಷಣದಿಂದ ತೆಗೆದುಹಾಕಿಬಿಟ್ಟರು. ಮೂಗು ಮಂಡಿಗೆ ತಾಗುವ ಹಾಗೆ ಬಾಗಿ, ನಡುಗುವ ದನಿಯಲ್ಲಿ ಹೇಳಿದರು.

"ಇತ್ಸುಮೊ ಒಸೆವಾ ನಿ ನಾತ್ತೆ ಇಮಾಸ್. ಇತ್ತೆಕಿಮಾಸ್."

ಒಡತಿಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಈ ಬಾಡಿಗೆದಾರನ ಬಾಯಲ್ಲಿ ಆಕೆ ತನ್ನ ಭಾಷೆ ಕೇಳಿದ್ದು ಅದೇ ಮೊದಲು. ಆಕೆಯ ಮುಖ ಅರಳಿ ಹೂವಾಯಿತು. 'ಇತ್ತೆರಾಶ್ಶಾಯ್' ಎಂದಳು. ಹೋಗಿ ಬನ್ನಿ ಎಂದರ್ಥ, ಗೈಡು ಅದನ್ನೂ ಹೇಳಿಕೊಟ್ಟಿದ್ದರು. ರಾಯರು ಕಣ್ಣೀರು ತಡೆದುಕೊಂಡು ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಬಂದರು. ಹೆಂಡತಿಗೆ ವರದಿ ಒಪ್ಪಿಸಿದರು. ಎಂಥ ದೊಡ್ಡ ಮನಸ್ಸು, ಒಂದಿಷ್ಟೂ ಬೇಸರವಿಲ್ಲದೆ, ನಗುತ್ತ ನಗುತ್ತ ಹೋಗಿ ಬನ್ನಿ ಎಂದರು. ಬಟಾಣಿ ಸುಲಿಯುತ್ತ ಅಳಿಸುವುದಕ್ಕೂ ಭಾಷೆ ತಿಳಿದು ನಗಿಸುವುದಕ್ಕೂ ಇರುವ ವ್ಯತ್ಯಾಸ ಇದೇ ಎಂದು ಅವರು ಸೂಕ್ಷ್ಮವಾಗಿ ಸೂಚಿಸಿದರು. ಹೆಂಡತಿಗೂ ಒಂದು ಗಳಿಗೆ ಗಂಡನ ಮೇಲೆ ಮೆಚ್ಚುಗೆ ಬಂದದ್ದು ನಿಜ. ಹಾಸಿಗೆ ಅಂಗಡಿಯವರು ಕೂಡ ಎಬ್ಬಿಸುವುದನ್ನು ಕಲಿತರಲ್ಲ ಎಂದಳು.

ಅಲ್ಲಿಂದ ಮುಂದೆ ಒಡತಿಯ ಔದಾರ್ಯಕ್ಕೆ ಮಿತಿಯೇ ಇಲ್ಲದಾಯಿತು. ಬಹಳ ದಿನದಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ತಾನೇ ಸ್ಪಾನರ್ ಹಿಡಿದು ಬಂದು ರಿಪೇರಿ ಮಾಡಿದಳು. ಬಾಲ್ಕನಿಯ ಕಂಬಿಗಳಿಗೆ ಬಣ್ಣ ಹೊಡೆಸಿದಳು, ಅದೂ ರಾಯರು ಒಮ್ಮೆ ಚೆನ್ನಾಗಿದೆ ಎಂದು ಬೆರಳು ತೋರಿಸಿದ್ದ ನೀಲಿ ಬಣ್ಣ. ಬಿಟ್ಟು ಹೋಗುವ ಬಾಡಿಗೆದಾರನಿಗೆ ಹೀಗೆ ಉಪಚಾರ ಮಾಡುವ ಜನ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದಾರೆಯೇ ಎಂದು ರಾಯರು ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಮಲಗಿಸಿಟ್ಟುಕೊಂಡು ಕೇಳಿದರು. ಒಂದು ಸಂಜೆ ಸಂಗೀತದ ಮೇಡಂ ಲಾಂಡ್ರಿಯಿಂದ ಮುಖ ಸಣ್ಣ ಮಾಡಿಕೊಂಡು ಹೊರಬಂದದ್ದನ್ನೂ ರಾಯರು ಕಂಡರು. ಪಾಪ, ಪರದೆಯ ಕಲೆ ಹೋಗಲಿಲ್ಲವೆಂದು ಕಾಣುತ್ತದೆ.

ಸಾಮಾನು ಸಾಗಿಸುವ ದಿನ ಲಾರಿ ಬಂದು ಬಾಗಿಲಲ್ಲಿ ನಿಂತಿತು. ಮಂಚ, ಬೀರು, ಪಾತ್ರೆಯ ಪೆಟ್ಟಿಗೆಗಳು ಒಂದೊಂದಾಗಿ ಮೆಟ್ಟಿಲಿಳಿದವು. ಒಡತಿ ಲಾಂಡ್ರಿಯ ಮುಂದೆ ನಿಂತು, ಕನ್ನಡಿ ಹುಷಾರು, ಮೂಲೆ ತಾಗೀತು ಎಂದು ಕೈಸನ್ನೆಯಲ್ಲೇ ಹಮಾಲರನ್ನು ನಡೆಸಿದಳು. ಎಲ್ಲ ತುಂಬಿದ ಮೇಲೆ ರಾಯರು ಕೀಲಿಕೈಯನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ಆಕೆಯ ಮುಂದೆ ಬಾಗಿದರು. ಆಕೆ ನಕ್ಕು ಅವರ ಬೆರಳುಗಳನ್ನು ಕೀಲಿಕೈಯ ಮೇಲೆ ಮಡಚಿ, ಮೆಲ್ಲಗೆ ಅವರ ಎದೆಯ ಕಡೆಗೇ ತಳ್ಳಿದಳು. ರಾಯರು ಮತ್ತೆ ಕೊಟ್ಟರು. ಆಕೆ ಮತ್ತೆ ತಳ್ಳಿದಳು. ಈ ಸಂಸ್ಕೃತಿಯ ಆಳ ನೋಡೇ, ನೆನಪಿಗೆ ಕೀಲಿಕೈಯನ್ನೇ ಕೊಟ್ಟುಬಿಡುತ್ತಿದ್ದಾರೆ ಎಂದು ರಾಯರು ಗದ್ಗದಿತರಾದರು.

ಹೆಂಡತಿಯ ಹುಬ್ಬು ಮಾತ್ರ ಗಂಟಿಕ್ಕಿತು. ಆಕೆ ಗಂಡನನ್ನು ಪಕ್ಕಕ್ಕೆ ಸರಿಸಿ ಒಡತಿಯ ಎದುರು ನಿಂತು, ಕೀಲಿಕೈ ಯಾಕೆ ತಗೊಳ್ತಿಲ್ಲ, ಆ ಸಂಗೀತದ ಮೇಡಂ ಯಾವಾಗ ಬರ್ತಾರೆ ಎಂದು ಅಚ್ಚ ಕನ್ನಡದಲ್ಲಿ ಕೇಳಿದಳು. ಒಡತಿ ಅಚ್ಚ ಜಪಾನಿಯಲ್ಲಿ ವಿವರ ಕೊಟ್ಟಳು. ಮೊದಲು ತಂಬೂರಿಯಂಥದ್ದನ್ನು ಮೀಟಿ ತೋರಿಸಿ, ಅದನ್ನು ದೂರ ಕಳಿಸಿಬಿಟ್ಟೆ ಎಂಬಂತೆ ಕೈ ಬೀಸಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ, ಹೊಟ್ಟೆ ಹಿಡಿದುಕೊಂಡು, ಮೂಗು ಮಂಡಿಗೆ ತಾಗುವ ಹಾಗೆ ಬಾಗಿ, ನಡುಗುವ ಗಂಡುದನಿಯಲ್ಲಿ 'ಇತ್ತೆಕಿಮಾಸ್' ಎಂದಳು. ರಾಯರ ಪ್ರತಿಬಿಂಬವೇ ಎದುರು ನಿಂತ ಹಾಗಿತ್ತು. ಹಮಾಲರು ಕೂಡ ಗುರುತು ಹಿಡಿದು ನಕ್ಕರು.

"ಏನ್ರೀ ಹಾಗಂದ್ರೆ?" ಎಂದಳು ಹೆಂಡತಿ.

"ಹೋಗಿ ಬರ್ತೀವಿ ಅಂತ."

"ಅವರಲ್ಲಿ ಹಾಗಂದ್ರೆ ಹೋಗೋದೋ, ಬರೋದೋ?"

ಇದು ರಾಯರ ತಲೆಗೆ ಹೊಳೆದೇ ಇರಲಿಲ್ಲ. ಹೆಂಡತಿ ಅಲ್ಲೇ ನಿಂತು ಗೈಡಿಗೆ ಫೋನು ಮಾಡಿಸಿದಳು. ಗೈಡು ಪಾಪ ಬಹಳ ಪ್ರಾಮಾಣಿಕ ಮನುಷ್ಯ. ಬಸ್ಸಿಂದಿಳಿದು ಊರು ನೋಡಲು ಹೊರಟಾಗಲೆಲ್ಲ ಪ್ರವಾಸಿಗರು ಡ್ರೈವರಿಗೆ ಇತ್ತೆಕಿಮಾಸ್ ಎಂದು ಹೇಳಿಯೇ ಹೋಗುತ್ತಿದ್ದರು ಎಂದರು. ಆಮೇಲೆ ಏನಾಗುತ್ತಿತ್ತು ಎಂದು ಕೇಳಿದಳು ಹೆಂಡತಿ. ಆಮೇಲೆ ಎಲ್ಲರೂ ಬಸ್ಸಿಗೆ ವಾಪಸ್ಸು ಬರುತ್ತಿದ್ದರು ಎಂದರು ಗೈಡು. ಬರದೆ ಇದ್ದವರು ಯಾರಾದರೂ ಇದ್ದರೇ? ಇಲ್ಲವಮ್ಮ, ತಲೆ ಎಣಿಸಿಯೇ ಹೊರಡುವುದು, ಒಬ್ಬರನ್ನೂ ಬಿಟ್ಟು ಬಂದವನಲ್ಲ ನಾನು ಎಂದು ಅವರು ಅಭಿಮಾನದಿಂದ ಹೇಳಿದರು.

ಆಗ ಎಲ್ಲವೂ ಬೆಳಕಿಗೆ ಬಂತು. ನಮ್ಮಲ್ಲಿ ಹೋಗಿ ಬರುತ್ತೇವೆ ಎಂದವರು ಬರದೇ ಇದ್ದರೂ ಯಾರೂ ಕೇಳುವುದಿಲ್ಲ. ಒಡತಿಯ ಭಾಷೆಯಲ್ಲಿ, ಈ ಮನೆ ನನ್ನದು, ಇಲ್ಲಿಗೇ ಮರಳಿ ಬರುತ್ತೇನೆ ಎನ್ನುವವನು ಮಾತ್ರ ಆ ಮಾತು ಆಡುತ್ತಾನೆ. ಹೆಂಡತಿ ಕನ್ನಡದಲ್ಲಿ ಹೊರಡುತ್ತೇವೆ ಎಂದಾಗ ಆಕೆಗೆ ಸರಿಯಾಗಿಯೇ ಅರ್ಥವಾಗಿತ್ತು, ಬೇರೆ ಬಾಡಿಗೆದಾರರನ್ನು ಗೊತ್ತು ಮಾಡಿಕೊಂಡೂ ಇದ್ದಳು. ಅಷ್ಟರಲ್ಲಿ ಈ ಮಹಾನುಭಾವ ಸ್ನಾನ ಮಾಡಿ ಬಂದು, ನೆಲಕ್ಕೆ ಬಾಗಿ, ಶುದ್ಧ ಜಪಾನಿಯಲ್ಲಿ, ನಾವು ಮರಳಿ ಬರುತ್ತೇವೆ ಎಂದು ಆಣೆಯಿಟ್ಟ ಹಾಗೆ ಹೇಳಿದ್ದಾನೆ. ಒಬ್ಬ ಮನುಷ್ಯ ಸುಳ್ಳು ಹೇಳುವುದಕ್ಕೋಸ್ಕರ ಕಷ್ಟಪಟ್ಟು ಇನ್ನೊಬ್ಬರ ಭಾಷೆ ಕಲಿಯುತ್ತಾನೆಯೇ? ಆಕೆ ನಂಬಿದಳು. ಏನೋ ಕೆಲಸಕ್ಕೆ ಸಾಮಾನು ಕಟ್ಟಿಕೊಂಡು ಹೋಗುತ್ತಿದ್ದಾರೆ, ಬರುತ್ತಾರೆ ಎಂದುಕೊಂಡು ಸಂಗೀತದ ಮೇಡಮ್ಮಿಗೆ ಮನೆ ಇಲ್ಲವೆಂದು ಹೇಳಿ, ನಲ್ಲಿ ರಿಪೇರಿ ಮಾಡಿ, ಬಣ್ಣ ಹೊಡೆಸಿ, ಕಾಯಲು ಸಿದ್ಧವಾಗಿ ನಿಂತಿದ್ದಳು. ಮೇಡಂ ಆಗಲೇ ಬೇರೆ ಕಡೆ ಮನೆ ಹಿಡಿದಾಗಿತ್ತು.

ರಾಯರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನೋವಾಗಬಾರದೆಂದು ಇಷ್ಟೆಲ್ಲ ಮಾಡಿ, ನೋವಿನ ಜೊತೆಗೆ ನಷ್ಟವನ್ನೂ ತಂದಿಟ್ಟಿದ್ದರು. ಹೆಂಡತಿ ಬೈಯುತ್ತಾಳೆಂದು ಕುಗ್ಗಿ ನಿಂತರು. ಆಕೆ ಬೈಯಲಿಲ್ಲ. ಅವರ ತೋಳು ಹಿಡಿದು ಒಡತಿಯ ಮುಂದೆ ತಂದು ನಿಲ್ಲಿಸಿದಳು.

"ಚುಚ್ಚಿ," ಎಂದಳು. "ನಾನು ಪಕ್ಕದಲ್ಲೇ ಇದೀನಿ."

ರಾಯರು ಕಣ್ಣು ಮುಚ್ಚಿದರು. ಗಂಟಲಲ್ಲಿ ಇಷ್ಟು ದಿನ ಕೂತಿದ್ದ ವಾಕ್ಯ ಹೊರಗೆ ಬಂತು. ಹಿಕ್ಕೊಸು ಕೊತೊ ನಿ ನಾರಿಮಾಶ್ತ.

ಒಡತಿ ಅವರನ್ನು ನೋಡಿದಳು. ಲಾರಿಯನ್ನು ನೋಡಿದಳು, ನೀಲಿ ಬಣ್ಣದ ಕಂಬಿಗಳನ್ನು ನೋಡಿದಳು. ಮುಖದಲ್ಲಿ ಏನೋ ಒಂದು ಇಳಿದುಹೋಯಿತು. ರಾಯರಿಗೆ ಅದನ್ನು ನೋಡುವುದಾಗಲಿಲ್ಲ. ಆಮೇಲೆ ಆಕೆ ಸೊಂಟ ನೆಟ್ಟಗೆ ಮಾಡಿಕೊಂಡು ಮಾತಾಡತೊಡಗಿದಳು. ಮೆಲ್ಲಗೆ, ಉದ್ದಕ್ಕೆ, ನಡುನಡುವೆ ಒಂದು ಪ್ರಶ್ನೆಯ ಹಾಗೆ ನಿಲ್ಲಿಸುತ್ತ. ರಾಯರು ಕಲಿತದ್ದು ಹೇಳುವ ಜಪಾನಿ, ಕೇಳುವ ಜಪಾನಿ ಪಾಠದಲ್ಲೇ ಇರಲಿಲ್ಲ. ಒಂದಕ್ಷರ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದಕ್ಕೆ ದಾಕ್ಷಿಣ್ಯ. ಆಕೆ ನಿಲ್ಲಿಸಿದ ಕಡೆಯಲ್ಲೆಲ್ಲ 'ಹಾಯ್, ಹಾಯ್' ಎಂದು ತಲೆದೂಗಿದರು. ಹಾಯ್ ಎಂದರೆ ಹೌದು, ಒಪ್ಪಿಗೆ, ಆಗಲಿ ಎಂದು ಅರ್ಥ. ಕೊನೆಗೆ ಒಡತಿಯ ಮುಖ ಮತ್ತೆ ಅರಳಿತು. ಕೀಲಿಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಲಾರಿಯ ಹಿಂದೆ ಆಟೋದಲ್ಲಿ ಹೋಗುವಾಗ ರಾಯರು ಎದೆಯ ಮೇಲೆ ಕೈಯಿಟ್ಟುಕೊಂಡು, ಅಂತೂ ಕ್ಷಮಿಸಿಬಿಟ್ಟರು, ಎಂಥ ಜನ ಎಂದರು.

"ಕ್ಷಮಿಸಿದ್ದಾರೆ, ನಿಜ," ಎಂದಳು ಹೆಂಡತಿ. "ಹೋಗಿ ಬರ್ತೀನಿ ಅಂತ ಅಂದವರು ಬರಲೇಬೇಕಂತೆ. ಮನೆ ಬಿಟ್ರೆ ಬಿಡಿ, ಮಾತು ಬಿಡಬಾರದಂತೆ. ಪ್ರತಿ ಭಾನುವಾರ ಬೆಳಗ್ಗೆ ಬಂದು ಲಾಂಡ್ರೀಲಿ ಕಾಲರ್ ಇಸ್ತ್ರಿ ಮಾಡಿಕೊಡ್ತೀರಾ ಅಂತ ಕೇಳಿದ್ರು. ನೀವು ಹಾಯ್ ಹಾಯ್ ಅಂದ್ರಿ."

"ನಿನಗೆ ಹೇಗೆ ಗೊತ್ತಾಯ್ತು? ನಿನಗೆ ಜಪಾನಿ ಬರಲ್ವಲ್ಲ."

ಖಾಲಿ ಬಿದ್ದ ಕೋಣೆಗಳ ವಿಷಯವನ್ನು ಕೂಡ ಹೆಂಡತಿ ಆ ವಾರವೇ ಬಗೆಹರಿಸಿದಳು. ಗೈಡಿನ ಮನೆಗೆ ಹೋಗಿ, ಪಾಠ ಹೇಳಿದವರೇ ಬಂದು ಇರಬೇಕು ಎಂದು ತೋಳು ಹಿಡಿದಳು. ಅವರಿಗೂ ಓಣಿಯ ಮನೆ ಸಾಕಾಗಿತ್ತು. ಈಗ ಮೇಲ್ಗಡೆ ಗೈಡಿನ ಸಂಸಾರ. ಒಡತಿಗೆ ಮಾತಿಗೆ ಜನ ಸಿಕ್ಕಿದ ಹಾಗೂ ಆಯಿತು. ಅವರು ಮೆಟ್ಟಿಲಿಳಿದು ಬಂದಾಗಲೆಲ್ಲ ಆಕೆ ಮರ್ಯಾದೆಗಾಗಿ ಬಲಗಡೆ ನೋಡುತ್ತಾಳಂತೆ.

ಭಾನುವಾರ ಬಂತೆಂದರೆ ರಾಯರು ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಹಳೆಯ ಬೀದಿಗೆ ಹೋಗುತ್ತಾರೆ. ಲಾಂಡ್ರಿಯ ಬಾಗಿಲಲ್ಲಿ ನಿಂತು 'ತದಾಯ್ಮಾ', ಅಂದರೆ ಇಗೋ ಬಂದೆ, ಎನ್ನುತ್ತಾರೆ. ಒಡತಿ ಹಬೆಯೊಳಗಿಂದಲೇ ಮನೆಗೆ ಬಂದಿರಾ ಎಂದು ಅವಳ ಭಾಷೆಯಲ್ಲಿ ಸ್ವಾಗತಿಸಿ, ಕಾಲರುಗಳ ಗುಡ್ಡವೊಂದನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಇಡುತ್ತಾಳೆ. ಸುಕ್ಕು ಉಳಿದರೆ ಬೈಯುವುದಿಲ್ಲ. ನೋಡಿ, ನಸುನಕ್ಕು, ಮತ್ತೆ ನೀರು ಚಿಮುಕಿಸಿ ಕೊಡುತ್ತಾಳೆ. ಆಕೆಯ ಪಕ್ಕದಲ್ಲಿ ನಿಂತು ಒಂದು ಕಾಲರನ್ನು ಚೊಕ್ಕಟವಾಗಿ ಮುಗಿಸಿದಾಗ ಆಗುವ ಸುಖ ಹಾಸಿಗೆ ಮಾರಿದಾಗ ಎಂದೂ ಆಗಿರಲಿಲ್ಲ ಎಂದು ರಾಯರೇ ಒಪ್ಪಿಕೊಂಡಿದ್ದಾರೆ. ಆದರೂ ಸೊಂಟ ನೋಯುತ್ತದೆ. ಇವತ್ತು ಹೇಳಿಬಿಡಬೇಕು, ಇನ್ನು ಮುಂದೆ ಬರುವುದು ಕಷ್ಟ ಎಂದು ಪ್ರತಿ ಭಾನುವಾರವೂ ಬಸ್ಸಿನಲ್ಲಿ ನಿಶ್ಚಯಿಸಿಕೊಂಡೇ ಹೋಗುತ್ತಾರೆ. ಸಂಜೆ ಹೊರಡುವಾಗ ಆಕೆ ಕೈ ಒರೆಸಿಕೊಂಡು ಬಾಗಿಲ ತನಕ ಬಂದು ನಿಲ್ಲುತ್ತಾಳೆ. ರಾಯರು ಬಾಗುತ್ತಾರೆ. ಬಾಯಿಗೆ ಬರುವುದು ಒಂದೇ ಮಾತು, ಇತ್ತೆಕಿಮಾಸ್.

ಹೆಂಡತಿ ಕನ್ನಡದಲ್ಲಿ ಎಂದೋ ಖಾಲಿ ಮಾಡಿ ಮುಗಿಸಿದ ಮನೆಯನ್ನು ರಾಯರು ಜಪಾನಿಯಲ್ಲಿ ಇನ್ನೂ ಖಾಲಿ ಮಾಡುತ್ತಲೇ ಇದ್ದಾರೆ.